ಕ್ಯಾನ್ಸರ್ ಪಿಎಚ್‌ಡಿ ನಡುವೆ ಆರು ತಿಂಗಳು ಕಂಪನಿಗೆ: ಯಾಕೆ, ಯಾವಾಗ, ಹೇಗೆ

"ಕಂಪನಿಗೆ ಹೊಂಟಿ ಅಂದ್ರ ಪಿಎಚ್‌ಡಿ ಬಿಟ್ಟಂಗ ಆತೇನವಾ?"

ಗದಗಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಅವ್ವ ಕೇಳಿದ ಮಾತಿದು. ಆಗ ನಾನು ಧಾರವಾಡದಲ್ಲಿ ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೆ. ಬಾಯಿ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ. ಬೆಂಗಳೂರಿನ ಒಂದು ಬಯೋಟೆಕ್ ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. "ಇಲ್ಬೇ ಯವ್ವಾ, ಆರು ತಿಂಗಳಾದ ಮ್ಯಾಲೆ ಹೊಳ್ಳಿ ಬರ್ತೀನಿ" ಅಂದೆ. ಅವ್ವ ನಂಬಿದಳು, ಆದರೆ ನಮ್ಮ ಲ್ಯಾಬಿನಲ್ಲೇ ಕೆಲವರು ನಂಬಲಿಲ್ಲ. ಈಗ ಧಾರವಾಡ, ಹುಬ್ಬಳ್ಳಿ ಕಡೆಯ ಎಂ.ಎಸ್‌ಸಿ ಹುಡುಗ ಹುಡುಗಿಯರು ಅದೇ ಪ್ರಶ್ನೆ ಕೇಳುತ್ತಾರೆ: ಎರಡನ್ನೂ ಒಟ್ಟಿಗೆ ಮಾಡಬಹುದಾ, ಮಾಡಿದರೆ ಪಿಎಚ್‌ಡಿ ಹಾಳಾಗುವುದಿಲ್ಲವಾ, ಗೈಡ್ ಒಪ್ಪುತ್ತಾರಾ, ನಿಯಮ ಏನು. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕ್ಯಾನ್ಸರ್ ಮೇಲೆ ಸಂಶೋಧನೆ ಮಾಡುವವರು ಪಿಎಚ್‌ಡಿ ಮುಗಿಯುವ ಮುಂಚೆಯೇ ಕಂಪನಿಯ ಲ್ಯಾಬಿನಲ್ಲಿ ಕೆಲವು ತಿಂಗಳು ಕೆಲಸ ಮಾಡಬೇಕು. ಮತ್ತು ಹೊಳ್ಳಿ ಬರಬೇಕು. ಹೋಗುವುದಕ್ಕಿಂತ ಹೊಳ್ಳಿ ಬರುವುದರಲ್ಲೇ ಲಾಭ ಜಾಸ್ತಿ. ಯಾಕೆ ಅಂತ ಹೇಳಬೇಕಾದರೆ ಎರಡೂ ಕಡೆ ಏನು ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡಬೇಕು.

ಕ್ಯಾನ್ಸರ್ ಪಿಎಚ್‌ಡಿ ಅಂದ ಕೂಡಲೇ ಊರಿನವರು ನಮ್ಮನ್ನು ಚಿಕಿತ್ಸೆ ಕೊಡುವ ಡಾಕ್ಟರ್ ಅಂದುಕೊಳ್ಳುತ್ತಾರೆ. ಪರಿಚಯದವರ ಬಯಾಪ್ಸಿ ರಿಪೋರ್ಟು ವಾಟ್ಸ್‌ಆ್ಯಪ್‌ಗೆ ಬರುತ್ತದೆ. ನಾವು ಆ ಡಾಕ್ಟರ್ ಅಲ್ಲ. ನಮ್ಮ ಭಾಗದಲ್ಲಿ ಬಾಯಿ ಕ್ಯಾನ್ಸರ್ ಅಂದರೆ ಯಾರಿಗೂ ಹೊಸದಲ್ಲ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಗೊತ್ತಿಲ್ಲದ ಮನೆ ಇಲ್ಲಿ ಕಡಿಮೆ. ಗುಟ್ಕಾ, ತಂಬಾಕು ಗೊತ್ತೇ ಇದೆ. ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ 2004ರಲ್ಲೇ ಹೇಳಿದೆ. ಇಬ್ಬರು ರೋಗಿಗಳಿಗೆ ಒಂದೇ ಔಷಧಿ ಕೊಟ್ಟರೆ ಒಬ್ಬರ ಗಡ್ಡೆ ಕರಗುತ್ತದೆ, ಇನ್ನೊಬ್ಬರದು ಕರಗುವುದಿಲ್ಲ, ಯಾಕೆ? ಇಂಥ ದೊಡ್ಡ ಪ್ರಶ್ನೆಯ ಒಂದು ಚೂರನ್ನು ಹಿಡಿದು ನಾಲ್ಕೈದು ವರ್ಷ ಅಗೆಯುವುದೇ ನಮ್ಮ ಕೆಲಸ. ನನ್ನ ಚೂರು ಇಷ್ಟೇ: ಸಿಸ್‌ಪ್ಲಾಟಿನ್ ಅನ್ನುವ ಹಳೆಯ ಕೀಮೋ ಔಷಧಿಗೆ ಕೆಲವು ಬಾಯಿ ಕ್ಯಾನ್ಸರ್ ಕೋಶಗಳು ಯಾಕೆ ಜಗ್ಗುವುದಿಲ್ಲ, ಅವುಗಳ ಒಂದು ನಿರ್ದಿಷ್ಟ ಜೀನ್ ಸುಮ್ಮನಾಗಿಸಿದರೆ ಜಗ್ಗುತ್ತವಾ?

ಕೋಶಗಳನ್ನು ಬೆಳೆಸುವುದು ಎಮ್ಮೆ ಸಾಕಿದ ಹಾಗೆ. ದಿನಾ ನೋಡಬೇಕು. 37 ಡಿಗ್ರಿ ಬಿಸಿ, 5% ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ಚಪ್ಪಟೆ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಮೇಲೆ ತಿಳಿ ಕೆಂಪು ಬಣ್ಣದ ದ್ರವ, ಅದೇ ಅವುಗಳ ಊಟ, ಮೀಡಿಯಾ ಅನ್ನುತ್ತೇವೆ. ಕೋಶಗಳು ಉಂಡು ಬಿಟ್ಟ ಆಮ್ಲ ಸೇರಿದ ಹಾಗೆ ಆ ಕೆಂಪು ಕಿತ್ತಳೆಯಾಗಿ ಹಳದಿಗೆ ತಿರುಗುತ್ತದೆ. ಹಳದಿ ಆಯಿತು ಅಂದರೆ ಹಸಿದಿವೆ, ಬದಲಿಸಬೇಕು. ಅವುಗಳಿಗೆ ರವಿವಾರ ಇಲ್ಲ, ಪಂಚಮಿ ಇಲ್ಲ. ಪಂಚಮಿಗೆ ಗದಗಿಗೆ ಹೋದವಳು ಉಂಡಿ ತಿಂದು ಮರುದಿನವೇ ಬಸ್ ಹತ್ತಿದ ವರ್ಷಗಳಿವೆ.

ಫ್ಲಾಸ್ಕ್ ತುಂಬಿದ ಮೇಲೆ ಕೋಶಗಳನ್ನು ಟ್ರಿಪ್ಸಿನ್ ಅನ್ನುವ, ಅಂಟು ಬಿಡಿಸುವ ಕಿಣ್ವ ಹಾಕಿ ಬಿಡಿಸಿ, ಸ್ವಲ್ಪ ತೆಗೆದು ಹೊಸ ಫ್ಲಾಸ್ಕಿಗೆ ಹಾಕುತ್ತೇವೆ. ಇದಕ್ಕೆ ಒಂದು ಪ್ಯಾಸೇಜ್ ಅಂತ ಹೆಸರು. ಈ ಪದ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಕಂಪನಿ. ವಿಶ್ವವಿದ್ಯಾಲಯದ ಲ್ಯಾಬ್ ಒಂದು ವಿಷಯ ಕಂಡುಹಿಡಿಯುತ್ತದೆ, ಪೇಪರ್ ಬರೆಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಆ ವಿಷಯ ರೋಗಿಯ ತೋಳಿಗೆ ಚುಚ್ಚುವ ಔಷಧಿ ಆಗಬೇಕಾದರೆ ನಡುವೆ ಉದ್ದದ ದಾರಿ ಇದೆ. ಒಂದು ಉದಾಹರಣೆ ನೋಡಿ. ಕೆಲವು ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಹರ್2 ಅನ್ನುವ ಜೀನಿನ ಪ್ರತಿಗಳು ವಿಪರೀತ ಇರುತ್ತವೆ, ಅಂಥವರಲ್ಲಿ ಕಾಯಿಲೆ ಜೋರಾಗಿರುತ್ತದೆ ಅಂತ ಡೆನಿಸ್ ಸ್ಲಾಮನ್ ಮತ್ತು ಜೊತೆಗಾರರು ತೋರಿಸಿದ್ದು 1987ರಲ್ಲಿ. ಸ್ಲಾಮನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. ಜೊತೆಯಲ್ಲಿ ಕೆಲಸ ಮಾಡಿದ ಆಕ್ಸೆಲ್ ಉಲ್‌ರಿಚ್ ಜೆನೆನ್‌ಟೆಕ್ ಕಂಪನಿಯವರು. ಹರ್2 ಹಿಡಿಯುವ ಟ್ರಾಸ್ಟುಜುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಹನ್ನೊಂದು ವರ್ಷ. ಅದೇ ಔಷಧಿಯ ಬಯೋಸಿಮಿಲರ್, ಅಂದರೆ ಮೂಲಕ್ಕೆ ಸಮ ಅಂತ ಸಾಬೀತು ಮಾಡಿದ ಇನ್ನೊಂದು ತಯಾರಿಕೆ, ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ ಮೈಲಾನ್ ಅನ್ನುವ ಔಷಧ ಕಂಪನಿಯ ಜೊತೆ ಸೇರಿ ಮಾಡಿದ್ದಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಈ ದಾರಿಯ ಒಂದೊಂದು ಮೈಲಿಯಲ್ಲೂ ನಮ್ಮಂಥವರಿಗೆ ಕೆಲಸ ಇದೆ. ಔಷಧಿ ಕೆಲಸ ಮಾಡುತ್ತದೆಯೋ ಇಲ್ಲವೋ ಅಂತ ಅಳೆಯುವ ಪರೀಕ್ಷೆಗಳನ್ನು ಕಟ್ಟುವುದು, ಕೋಶಗಳ ಬ್ಯಾಂಕ್ ಮಾಡುವುದು, ದೊಡ್ಡ ಟ್ಯಾಂಕುಗಳಲ್ಲಿ ಕೋಶ ಬೆಳೆಸಿ ಪ್ರೋಟೀನ್ ತೆಗೆಯುವುದು, ಗುಣಮಟ್ಟ ನೋಡುವುದು, ಜೀನ್ ಡೇಟಾ ಓದುವುದು, ಮನುಷ್ಯರ ಮೇಲಿನ ಪ್ರಯೋಗದ ದಾಖಲೆ ನೋಡಿಕೊಳ್ಳುವುದು. ಪಿಎಚ್‌ಡಿ ಮಾಡಿದವರೆಲ್ಲ ಪ್ರೊಫೆಸರ್ ಆಗುವಷ್ಟು ಹುದ್ದೆಗಳು ಇಲ್ಲ ಅನ್ನುವುದು ನಮಗೆಲ್ಲ ಗೊತ್ತು. ಆದರೂ ಎಂ.ಎಸ್‌ಸಿಯಲ್ಲಾಗಲಿ ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಾಗಲಿ ಈ ಕೆಲಸಗಳ ಬಗ್ಗೆ ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರಿನ ಸಂಗತಿ.

ಆದರೆ ನೌಕರಿಗಾಗಿ ಇಂಟರ್ನ್‌ಶಿಪ್ ಅನ್ನುವುದು ಅರ್ಧ ಮಾತು. ಉಳಿದರ್ಧ ನನಗೆ ಗೊತ್ತಾದದ್ದು ಕಂಪನಿಯ ಎರಡನೇ ವಾರದಲ್ಲಿ.

ನನಗೆ ಕೊಟ್ಟ ಕೆಲಸ ನಾನು ಧಾರವಾಡದಲ್ಲಿ ನೂರಾರು ಸಲ ಮಾಡಿದ್ದೇ: ಎಂಟಿಟಿ ಪರೀಕ್ಷೆ. 96 ಪುಟ್ಟ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಪ್ರತಿ ಕುಳಿಗೂ ಕೋಶ ಹಾಕಿ, ಬೇರೆ ಬೇರೆ ಪ್ರಮಾಣದಲ್ಲಿ ಔಷಧಿ ಹಾಕಿ, ಎರಡು ಮೂರು ದಿನ ಬಿಟ್ಟು, ಆಮೇಲೆ ಎಂಟಿಟಿ ಅನ್ನುವ ಹಳದಿ ಪುಡಿಯ ದ್ರಾವಣ ಹಾಕುತ್ತೇವೆ. ಜೀವಂತ ಕೋಶ ಮಾತ್ರ ಅದನ್ನು ನೇರಳೆ ಹರಳು ಮಾಡುತ್ತದೆ. ಹರಳು ಕರಗಿಸಿ ಬಣ್ಣ ಎಷ್ಟು ಗಾಢ ಅಂತ ಯಂತ್ರದಲ್ಲಿ ಓದಿದರೆ ಎಷ್ಟು ಕೋಶ ಬದುಕಿವೆ ಅಂತ ಅಂದಾಜು ಸಿಗುತ್ತದೆ. ಬದುಕಿರುವ ಕೋಶಗಳನ್ನು ಅರ್ಧದಷ್ಟಕ್ಕೆ ಇಳಿಸುವ ಔಷಧಿ ಪ್ರಮಾಣಕ್ಕೆ ಐಸಿ50 ಅನ್ನುತ್ತಾರೆ. ಕ್ಯಾನ್ಸರ್ ಔಷಧಿಯ ಪೇಪರುಗಳಲ್ಲಿ ಈ ಅಂಕಿ ಎಲ್ಲೆಲ್ಲೂ ಇರುತ್ತದೆ.

ಮೂರು ಬೇರೆ ದಿನ ಮಾಡಿದೆ. ಮೂರು ಅಂಕಿ ಬಂದವು. ಎರಡು ಹತ್ತಿರ ಹತ್ತಿರ, ಮೂರನೆಯದು ಸುಮಾರು ಎರಡು ಪಟ್ಟು. ಲ್ಯಾಬಿನಲ್ಲಾಗಿದ್ದರೆ ಸರಾಸರಿ ತೆಗೆದು, ಗ್ರಾಫಿನಲ್ಲಿ ಅಂಕಿಗಳ ಏರುಪೇರು ತೋರಿಸುವ ಗೆರೆ, ಅಂದರೆ ಎರರ್ ಬಾರ್, ಸ್ವಲ್ಪ ಉದ್ದ ಹಾಕಿ ಮುಂದೆ ಹೋಗುತ್ತಿದ್ದೆ. ಅಲ್ಲಿನ ಸೂಪರ್‌ವೈಸರ್ ಮೇಡಂ ಗ್ರಾಫ್ ನೋಡಲೇ ಇಲ್ಲ. "ಮೂರನೇ ತಟ್ಟೆಯ ಕೋಶ ಎಷ್ಟನೇ ಪ್ಯಾಸೇಜ್?" ಅಂದರು. ಫ್ಲಾಸ್ಕ್ ತಂದು ನೋಡಿದೆ. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ತಾರೀಖು ಇತ್ತು, ನನ್ನ ಹೆಸರಿನ ಮೊದಲಕ್ಷರ ಇತ್ತು, ಪ್ಯಾಸೇಜ್ ನಂಬರ್ ಇರಲಿಲ್ಲ. ಮೀಡಿಯಾಕ್ಕೆ ಸೇರಿಸುವ ಸೀರಂ ಯಾವ ಲಾಟ್, ಅಂದರೆ ಯಾವ ಸಲದ ತಯಾರಿಕೆ ಅಂತ ಕೇಳಿದರು. ಬರೆದಿರಲಿಲ್ಲ. ತಟ್ಟೆಯ ಅಂಚಿನ ಕುಳಿಗಳಲ್ಲೂ ಔಷಧಿ ಹಾಕಿದ್ದೀಯಾ ಅಂತ ಕೇಳಿದರು. ಹಾಕಿದ್ದೆ. ಅಂಚಿನ ಕುಳಿಗಳಲ್ಲಿ ನೀರು ಬೇಗ ಆರುತ್ತದೆ, ಔಷಧಿ ಗಟ್ಟಿಯಾಗುತ್ತದೆ, ಅಂಕಿ ಜಾರುತ್ತದೆ. ಅವರು ಬೈಯಲಿಲ್ಲ. "ಮೂರೂ ತೆಗೆದಿಟ್ಟು ಮೊದಲಿನಿಂದ ಮಾಡು" ಅಂದರು, ಅಷ್ಟೇ.

ಪ್ಯಾಸೇಜ್ ಯಾಕೆ ಅಷ್ಟು ಮುಖ್ಯ ಅಂದರೆ, ಹೆಪ್ಪು ನೆನೆಸಿಕೊಳ್ಳಿ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು, ಇವತ್ತಿನದರಿಂದ ನಾಳೆಗೆ. ವಾರಗಟ್ಟಲೆ ಹೀಗೇ ನಡೆಸಿದರೆ ಯಾವಾಗಲೋ ಒಂದು ದಿನ ಮೊಸರು ಲೋಳೆಯಾಗುತ್ತದೆ, ಹುಳಿ ಬದಲಾಗುತ್ತದೆ, ಆಗ ಪಕ್ಕದ ಮನೆಯಿಂದ ಒಳ್ಳೆ ಹೆಪ್ಪು ತರುತ್ತೇವೆ ಅಲ್ವಾ? ಕೋಶಗಳೂ ಹಾಗೇ. ಪ್ಯಾಸೇಜ್ ಜಾಸ್ತಿ ಆದ ಹಾಗೆ ಗುಣ ಬದಲಿಸುತ್ತವೆ. ಹತ್ತನೇ ಪ್ಯಾಸೇಜಿನ ಕೋಶಕ್ಕೆ ಹತ್ತಿದ ಔಷಧಿ ನಲವತ್ತನೆಯದಕ್ಕೆ ಅಷ್ಟೇ ಹತ್ತಬೇಕು ಅಂತೇನಿಲ್ಲ. ಅದಕ್ಕೇ ಕಂಪನಿಗಳು ಮೊದಲಲ್ಲೇ ಕೋಶಗಳನ್ನು ಪುಟ್ಟ ಸೀಸೆಗಳಲ್ಲಿ ತುಂಬಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತವೆ. ಮಾಸ್ಟರ್ ಸೆಲ್ ಬ್ಯಾಂಕ್ ಅನ್ನುತ್ತಾರೆ. ಇಷ್ಟು ಪ್ಯಾಸೇಜ್ ಆದ ಮೇಲೆ ಈ ಕೋಶ ಬಳಸಬಾರದು ಅಂತ ಮಿತಿ ಇರುತ್ತದೆ. ಮಿತಿ ಬಂದರೆ ಎಸೆದು ಹೊಸ ಸೀಸೆ ಒಡೆಯುತ್ತಾರೆ.

ಅವತ್ತು ರಾತ್ರಿ ಪಿಜಿ ರೂಮಿನಲ್ಲಿ ಕೂತು ನನ್ನ ಧಾರವಾಡದ ನೋಟ್‌ಬುಕ್ಕಿನ ಫೋಟೋಗಳನ್ನು ತೆಗೆದು ನೋಡಿದೆ. ಮೊದಲ ಒಂದೂವರೆ ವರ್ಷದ ಪ್ರಯೋಗಗಳಲ್ಲಿ ಪ್ಯಾಸೇಜ್ ನಂಬರ್ ಎಲ್ಲಿಯೂ ಇರಲಿಲ್ಲ. ನನ್ನ ಥೀಸಿಸ್‌ನ ಎರಡನೇ ಅಧ್ಯಾಯ ನಿಂತದ್ದೇ ಆ ಅಂಕಿಗಳ ಮೇಲೆ.

ಇದು ನನ್ನೊಬ್ಬಳ ಕಥೆ ಅಲ್ಲ. ಆಮ್‌ಜೆನ್ ಕಂಪನಿಯಲ್ಲಿ ಕ್ಯಾನ್ಸರ್ ಸಂಶೋಧನೆ ನೋಡಿಕೊಂಡಿದ್ದ ಗ್ಲೆನ್ ಬೆಗ್ಲಿ ಮತ್ತು ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಲೀ ಎಲ್ಲಿಸ್ 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಲೇಖನ ಈ ಕ್ಷೇತ್ರದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಕ್ಯಾನ್ಸರ್‌ನಲ್ಲಿ ಮೈಲಿಗಲ್ಲು ಅನಿಸಿಕೊಂಡ 53 ಪೇಪರುಗಳನ್ನು ಕಂಪನಿಯವರು ತಮ್ಮ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡಿದರೆ ಮುಖ್ಯ ಫಲಿತಾಂಶ ಗಟ್ಟಿಯಾಗಿ ನಿಂತದ್ದು 6ರಲ್ಲಿ ಮಾತ್ರ. ಉಳಿದವರೆಲ್ಲ ಮೋಸ ಮಾಡಿದರು ಅಂತ ಅಲ್ಲ. ಕೋಶ ಬೇರೆ, ಸೀರಂ ಬೇರೆ, ಅಂಚಿನ ಕುಳಿ, ಚೆನ್ನಾಗಿ ಬಂದ ತಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವ ಆಸೆ, ಇಂಥ ಹತ್ತು ಸಣ್ಣ ಸಂಗತಿಗಳು ಸೇರಿದರೆ ಸಾಕು. ತಾವು ಬೆಳೆಸುತ್ತಿರುವುದು ತಾವಂದುಕೊಂಡ ಕೋಶವೇ ಅಲ್ಲ, 1951ರಲ್ಲಿ ಶುರುವಾದ, ಬಹಳ ಬೇಗ ಬೆಳೆಯುವ ಹೀಲಾ ಅನ್ನುವ ಕ್ಯಾನ್ಸರ್ ಕೋಶ ನುಸುಳಿ ಎಲ್ಲವನ್ನೂ ನುಂಗಿದೆ ಅಂತ ಎಷ್ಟೋ ಲ್ಯಾಬುಗಳಿಗೆ ವರ್ಷಗಳ ನಂತರ ಗೊತ್ತಾಗಿದೆ. ಅದಕ್ಕೆ ಎಸ್‌ಟಿಆರ್ ಅನ್ನುವ ಡಿಎನ್‌ಎ ಗುರುತಿನ ಪರೀಕ್ಷೆ ಇದೆ. ದುಡ್ಡು ಹೋಗುತ್ತದೆ ಅಂತ ಎಷ್ಟೋ ಕಡೆ ಮಾಡಿಸುವುದಿಲ್ಲ.

ನನಗೆ ಅರ್ಥವಾದದ್ದು ಇದು. ವಿಶ್ವವಿದ್ಯಾಲಯದ ಲ್ಯಾಬ್ "ಯಾಕೆ ಹೀಗೆ?" ಅಂತ ಕೇಳುವುದನ್ನು ಕಲಿಸುತ್ತದೆ. ಕಂಪನಿ "ನಾಳೆ ಬೇರೆಯವರು ಮಾಡಿದರೂ ಹೀಗೇ ಬರುತ್ತಾ?" ಅಂತ ಕೇಳುವುದನ್ನು ಕಲಿಸುತ್ತದೆ. ಮೊದಲನೆಯದು ಗೊತ್ತಿಲ್ಲದಿದ್ದರೆ ಹೊಸದೇನೂ ಹುಟ್ಟುವುದಿಲ್ಲ, ಎರಡನೆಯದು ಗೊತ್ತಿಲ್ಲದಿದ್ದರೆ ಹುಟ್ಟಿದ್ದು ರೋಗಿಯ ತನಕ ಮುಟ್ಟುವುದಿಲ್ಲ.

ಎರಡೂ ಸೇರಿದರೆ ಏನಾಗಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಇದೆ: ನೆಕ್ಸ್‌ಕಾರ್19. ಇದು ಕಾರ್-ಟಿ ಚಿಕಿತ್ಸೆ. ರೋಗಿಯ ರಕ್ತದಿಂದ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ತೆಗೆದು, ಸಿಡಿ19 ಅನ್ನುವ ಗುರುತು ಇರುವ ಕೋಶಗಳನ್ನು ಹುಡುಕಿ ಕೊಲ್ಲುವಂತೆ ಅವುಗಳಿಗೆ ಹೊಸ ಜೀನ್ ಸೇರಿಸಿ, ಬೆಳೆಸಿ, ಅದೇ ರೋಗಿಗೆ ವಾಪಸ್ ಕೊಡುತ್ತಾರೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ಲ್ಯಾಬಿನಲ್ಲಿ ಹುಟ್ಟಿದ ಕೆಲಸ, ಟಾಟಾ ಮೆಮೋರಿಯಲ್‌ನ ವೈದ್ಯರ ಜೊತೆ ರೋಗಿಗಳ ಮೇಲೆ ಪ್ರಯೋಗ, ತಯಾರಿಕೆಗೆ ಇಮ್ಯುನೊಆ್ಯಕ್ಟ್ ಅನ್ನುವ ಕಂಪನಿ. 2023ರ ಅಕ್ಟೋಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಅರ್ಪಿಸಿದರು. ವಿದೇಶದಲ್ಲಿ ಕೋಟಿಗಟ್ಟಲೆ ಆಗುವ ಚಿಕಿತ್ಸೆ ಇಲ್ಲಿ ಲಕ್ಷಗಳ ಲೆಕ್ಕಕ್ಕೆ ಬಂತು. ಇನ್ನೂ ಬಹಳ ದುಬಾರಿ, ಅದೂ ನಿಜ. ಆದರೆ ಯೋಚಿಸಿ, ಇಲ್ಲಿ ಪ್ರತಿ ರೋಗಿಯ ಕೋಶವೂ ಬೇರೆ, ಆದರೂ ಪ್ರತಿ ಸಲ ಒಂದೇ ಗುಣಮಟ್ಟದ ಔಷಧಿ ಹೊರಬರಬೇಕು. ಬರೀ ಪೇಪರ್ ಬರೆದು ಗೊತ್ತಿರುವ ಕೈಗಳಿಂದ ಅದು ಆಗುವುದಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ವ್ಯವಸ್ಥೆಯೇ ಮಾಡಿದ್ದಾರೆ. ಬ್ರಿಟನ್ನಿನಲ್ಲಿ ಐಕೇಸ್ ಮಾದರಿಯ ಪಿಎಚ್‌ಡಿ ತೆಗೆದುಕೊಂಡರೆ ಕನಿಷ್ಠ 3 ತಿಂಗಳು ಪಾಲುದಾರ ಕಂಪನಿಯಲ್ಲಿ ಇರಲೇಬೇಕು. ಯುರೋಪಿನ ಮೇರಿ ಕ್ಯೂರಿ ಹೆಸರಿನ ಯೋಜನೆಯ ಇಂಡಸ್ಟ್ರಿಯಲ್ ಡಾಕ್ಟರೇಟ್‌ನಲ್ಲಿ ಕನಿಷ್ಠ ಅರ್ಧ ಸಮಯ ವಿಶ್ವವಿದ್ಯಾಲಯದ ಹೊರಗೆ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡು ಕೊಡುವ ಬಯೋಟೆಕ್ ತರಬೇತಿ ಯೋಜನೆಗಳಲ್ಲೂ ಕಂಪನಿ ಇಂಟರ್ನ್‌ಶಿಪ್ ಸೇರಿರುತ್ತದೆ. ನಮ್ಮಲ್ಲಿ ಇದ್ದದ್ದು ಪ್ರಧಾನಮಂತ್ರಿ ಡಾಕ್ಟೋರಲ್ ಫೆಲೋಶಿಪ್, ಸರ್ಕಾರ ಮತ್ತು ಕಂಪನಿ ಸೇರಿ ಒಬ್ಬ ಸಂಶೋಧಕರಿಗೆ ಹಣ ಕೊಡುವ ಯೋಜನೆ. ಅದು ಎಲ್ಲರಿಗೂ ಸಿಗುವಂಥದ್ದಲ್ಲ. ಎಂ.ಎಸ್‌ಸಿ ಮುಗಿಸಿದವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ನಡೆಸಿದ ಆರು ತಿಂಗಳ ಬಯೋಟೆಕ್ ಕೈಗಾರಿಕಾ ತರಬೇತಿ ಇತ್ತು, ರಾಜ್ಯ ಸರ್ಕಾರದ ಬೈಸೆಪ್ ಅನ್ನುವ ಪಿಜಿ ಡಿಪ್ಲೊಮಾದಲ್ಲಿ ತರಗತಿಯ ಜೊತೆ ಕಂಪನಿ ಇಂಟರ್ನ್‌ಶಿಪ್ ಇದೆ. ಇಂಥವುಗಳಿಗೆ ಅರ್ಜಿ ಕರೆದಾಗ ಹಾಕಿ. ಆದರೆ ಪಿಎಚ್‌ಡಿ ನಡುವೆ ಹೋಗಬೇಕು ಅಂದರೆ ನಮ್ಮ ಕಡೆ ಬಹುಮಟ್ಟಿಗೆ ನೀವೇ ದಾರಿ ಮಾಡಿಕೊಳ್ಳಬೇಕು. ನಾನು ಮಾಡಿಕೊಂಡದ್ದೂ ಹಾಗೇ.

ಯಾವಾಗ ಹೋಗಬೇಕು? ಮೊದಲ ವರ್ಷ ಬೇಡ. ಕೈ ಕುದುರಿರುವುದಿಲ್ಲ, ಕೋರ್ಸ್‌ವರ್ಕ್ ಇರುತ್ತದೆ, ನಿಮ್ಮ ಪ್ರಶ್ನೆಯೇ ನಿಮಗೆ ಗೊತ್ತಿರುವುದಿಲ್ಲ. ಕೊನೆಯ ವರ್ಷವೂ ಬೇಡ. ಆಗ ಕಲಿತದ್ದನ್ನು ಥೀಸಿಸ್‌ಗೆ ಹಚ್ಚಲು ಸಮಯ ಉಳಿಯುವುದಿಲ್ಲ, ಅದು ಬರೀ ನೌಕರಿಯ ಟ್ರಯಲ್ ಆಗುತ್ತದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಈ ಲೆಕ್ಕದಲ್ಲಿ ಮೂರನೇ ವರ್ಷದ ನಡುವೆ ಹೊರಟು ನಾಲ್ಕನೇ ವರ್ಷದ ಶುರುವಿಗೆ ಬಂದು ಸೇರುವುದು ನನ್ನ ಪ್ರಕಾರ ಸರಿಯಾದ ಕಾಲ. ಅವಧಿ ಮೂರು ತಿಂಗಳಿಗಿಂತ ಕಡಿಮೆ ಆದರೆ ಪ್ರಯೋಜನ ಕಡಿಮೆ. ಕಂಪನಿಯ ಕಂಪ್ಯೂಟರ್ ಲಾಗಿನ್, ಸುರಕ್ಷತೆ ತರಬೇತಿ, ಎಸ್‌ಒಪಿ ಓದಿ ಸಹಿ ಹಾಕುವುದು, ಇಷ್ಟರಲ್ಲೇ ಬಹಳಷ್ಟು ದಿನ ಹೋಗುತ್ತದೆ.

ಎಸ್‌ಒಪಿ ಅಂದರೆ ಒಂದು ಕೆಲಸವನ್ನು ಹೀಗೇ ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದ ಕಾಗದ. ಅಲ್ಲಿ ನೋಟ್‌ಬುಕ್ ಬರೆಯುವುದಕ್ಕೂ ಎಸ್‌ಒಪಿ ಇತ್ತು. ತಪ್ಪು ಬರೆದರೆ ಗೀಚಿ ಅಳಿಸುವ ಹಾಗಿಲ್ಲ, ವೈಟ್ನರ್ ಅಂತೂ ಲ್ಯಾಬಿನ ಒಳಗೇ ಬರುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು, ಯಾಕೆ ತಿದ್ದಿದೆ ಅನ್ನುವ ಕಾರಣ. ಮೊದಲು ಕಿರಿಕಿರಿ ಅನಿಸಿತ್ತು. ಒಂದು ತಿಂಗಳಾದ ಮೇಲೆ ನನ್ನದೇ ಹಳೆಯ ಪುಟಗಳನ್ನು ಯಾರ ಸಹಾಯವೂ ಇಲ್ಲದೆ ಓದಿ ಅದೇ ಪ್ರಯೋಗ ಮತ್ತೆ ಮಾಡಿದಾಗ ಅದರ ಬೆಲೆ ಗೊತ್ತಾಯಿತು.

ಗೈಡ್ ಅವರನ್ನು ಕೇಳುವ ವಿಷಯ ಬಹಳ ಜನರಿಗೆ ಭಯ. "ಸರ್, ಆರು ತಿಂಗಳು ಹೋಗ್ತೀನಿ" ಅಂತ ಬರಿಗೈಲಿ ಹೋಗಿ ನಿಂತರೆ ಯಾವ ಗೈಡ್ ಕೂಡ ಬೇಡ ಅನ್ನುತ್ತಾರೆ, ಅವರ ಜಾಗದಲ್ಲಿ ನಾನಿದ್ದರೂ ಅನ್ನುತ್ತಿದ್ದೆ. ಅವರಿಗೂ ಕಷ್ಟ ಇದೆ: ಪ್ರಾಜೆಕ್ಟಿನ ವರದಿ ಕೊಡಬೇಕು, ಕೋಶ ನೋಡಿಕೊಳ್ಳುವವರು ಬೇಕು, ಹೋದವರು ಬರುವುದಿಲ್ಲ ಅನ್ನುವ ಅನುಭವವೂ ಇರುತ್ತದೆ. ನಾನು ಒಂದು ಪುಟ ಬರೆದುಕೊಂಡು ಹೋಗಿದ್ದೆ. ಹೋಗುವ ಮುಂಚೆ ಏನು ಮುಗಿಸುತ್ತೇನೆ, ನನ್ನ ಕೋಶಗಳನ್ನು ಫ್ರೀಜ್ ಮಾಡಿ ಎಲ್ಲಿ ಇಡುತ್ತೇನೆ, ಅಲ್ಲಿ ಕಲಿಯುವ ಯಾವ ತಂತ್ರ ನಮ್ಮ ಲ್ಯಾಬಿಗೆ ತರುತ್ತೇನೆ, ಯಾವ ತಾರೀಖಿಗೆ ಬರುತ್ತೇನೆ. ಸರ್ ಎರಡು ದಿನ ಇಟ್ಟುಕೊಂಡು ಕೊನೆಗೆ ಕೇಳಿದ್ದು ಕೊನೆಯ ಸಾಲಿನ ಬಗ್ಗೆ ಮಾತ್ರ: "ತಾರೀಖು ಪಕ್ಕಾ ಅಲ್ಲ?"

ಆಮೇಲೆ ಕಾಗದದ ಕೆಲಸ. ಗೈಡ್ ಸಹಿ, ವಿಭಾಗದ ಅಧ್ಯಕ್ಷರ ಸಹಿ, ಸಂಶೋಧನಾ ಸಲಹಾ ಸಮಿತಿಯ ಒಪ್ಪಿಗೆ, ಹೋಗಲು ಅಡ್ಡಿ ಇಲ್ಲ ಅನ್ನುವ ವಿಶ್ವವಿದ್ಯಾಲಯದ ಪತ್ರ, ಎನ್‌ಒಸಿ. ಸೆಮಿಸ್ಟರಿಗೊಮ್ಮೆ ಸಮಿತಿ ಮುಂದೆ ಪ್ರಗತಿ ಹೇಳಬೇಕಲ್ಲ, ಆ ದಿನ ರಜೆ ಬೇಕಾಗುತ್ತದೆ ಅಂತ ಕಂಪನಿಗೂ ಮೊದಲೇ ಹೇಳಿ. ಬೆಂಗಳೂರಿನಿಂದ ಧಾರವಾಡಕ್ಕೆ ಈಗ ವಂದೇ ಭಾರತ್ ಇದೆ, ರಾತ್ರಿ ರೈಲುಗಳಂತೂ ಇದ್ದೇ ಇವೆ, ಒಂದು ದಿನದಲ್ಲಿ ಬಂದು ಹೋಗಬಹುದು.

ಫೆಲೋಶಿಪ್ ಇರುವವರು ಒಂದು ವಿಷಯ ಎಚ್ಚರದಿಂದ ನೋಡಿ. ಸಿಎಸ್‌ಐಆರ್, ಯುಜಿಸಿ ಕೊಡುವ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧಕರ ಫೆಲೋಶಿಪ್) ಆದ ಮೇಲೆ 42,000. ಒಂದೇ ಅವಧಿಗೆ ಫೆಲೋಶಿಪ್ಪೂ ಕಂಪನಿಯ ಸ್ಟೈಪೆಂಡೂ ಎರಡನ್ನೂ ತೆಗೆದುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಣ ಕೊಡುವ ಸಂಸ್ಥೆಗೆ ಬರೆದು, ಬರವಣಿಗೆಯಲ್ಲೇ ಉತ್ತರ ಪಡೆದು ಫೈಲಿಗೆ ಹಾಕಿಕೊಳ್ಳಿ. ಬಾಯಿಮಾತಿನ "ಆಗುತ್ತೆ ಬಿಡಿ" ಸಾಲದು, ಆಮೇಲೆ ಹಣ ವಾಪಸ್ ಕಟ್ಟುವ ಪರಿಸ್ಥಿತಿ ಬರಬಾರದು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಡೇಟಾ ಯಾರದು ಅನ್ನುವುದರಲ್ಲಿ, ಇಲ್ಲಿ ಸ್ವಲ್ಪ ನಿಂತು ಓದಿ. ಕಂಪನಿಗೆ ಸೇರುವ ದಿನ ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿ ಮಾಡಿದ ಪ್ರಯೋಗ, ನೋಡಿದ ಔಷಧಿಯ ಹೆಸರು, ಎಲ್ಲವೂ ಅವರದೇ. ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಥೀಸಿಸ್ ಮುಗಿದ ಮೇಲೆ ಶೋಧಗಂಗಾ ಅನ್ನುವ ಥೀಸಿಸ್‌ಗಳ ವೆಬ್‌ಸೈಟಿಗೆ ಹೋಗುತ್ತದೆ, ಜಗತ್ತಿನ ಯಾರು ಬೇಕಾದರೂ ಓದಬಹುದು. ಕಂಪನಿಯ ಒಂದು ಗ್ರಾಫ್ ಅಲ್ಲಿ ಸೇರಿದರೂ ಒಪ್ಪಂದ ಮುರಿದ ಹಾಗೆ. ಪೇಟೆಂಟ್ ವಿಷಯ ಇನ್ನೂ ನಾಜೂಕು. ಪೇಟೆಂಟ್ ಅರ್ಜಿ ಹಾಕುವ ಮುಂಚೆ ವಿಷಯ ಹೊರಗೆ ಬಂದರೆ ಅದು "ಹೊಸದು" ಅನ್ನುವ ಹಕ್ಕು ಹೋಗಬಹುದು. ಯಾವುದೋ ಸೆಮಿನಾರಿನ ಪೋಸ್ಟರ್ ಕೂಡ ಹೊರಗೆ ಬಂದ ಹಾಗೇ. ಅದಕ್ಕೇ ಮೊದಲು ಪ್ರಾವಿಷನಲ್ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರ ಸಲ್ಲಿಸುವ ಪದ್ಧತಿ ಇದೆ.

ಹಾಗಾಗಿ ಹೊರಡುವ ಮುಂಚೆಯೇ ಎರಡು ದಾರಿಯಲ್ಲಿ ಒಂದನ್ನು ಆರಿಸಿ. ಒಂದು, ಕಂಪನಿ ಕೆಲಸ ಥೀಸಿಸ್‌ನಿಂದ ಪೂರ್ತಿ ಬೇರೆ, ಅಲ್ಲಿಂದ ಕೌಶಲ ಮಾತ್ರ ತರುವುದು, ಡೇಟಾ ಅಲ್ಲ. ಇನ್ನೊಂದು, ಥೀಸಿಸ್‌ನ ಒಂದು ಅಧ್ಯಾಯವನ್ನೇ ಜೊತೆಯಾಗಿ ಮಾಡುವುದು, ಆಗ ವಿಶ್ವವಿದ್ಯಾಲಯ ಮತ್ತು ಕಂಪನಿ ನಡುವೆ ಲಿಖಿತ ಒಪ್ಪಂದ ಬೇಕು, ಯಾವುದು ಪ್ರಕಟವಾಗಬಹುದು, ಕಂಪನಿ ಎಷ್ಟು ದಿನದಲ್ಲಿ ನೋಡಿ ಹೇಳಬೇಕು ಎಲ್ಲ ಬರೆದಿರಬೇಕು. ಕೋಶ, ರಾಸಾಯನಿಕ ಅತ್ತಿತ್ತ ಸಾಗಿಸಲು ಎಂಟಿಎ ಅನ್ನುವ ವಸ್ತು ವರ್ಗಾವಣೆ ಒಪ್ಪಂದ ಬೇಕು. ರೋಗಿಗಳ ಗಡ್ಡೆಯ ಸ್ಯಾಂಪಲ್ ಆದರೆ ಆಸ್ಪತ್ರೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಯಾವ ಕೆಲಸಕ್ಕೆ ಸಿಕ್ಕಿದೆಯೋ ಆ ಕೆಲಸಕ್ಕೆ ಮಾತ್ರ. ರೋಗಿ ಸಂಶೋಧನೆಗೆ ಅಂತ ಕೊಟ್ಟದ್ದನ್ನು ಕೇಳದೆ ಕಂಪನಿಗೆ ಒಯ್ಯುವುದು ಆ ರೋಗಿಗೆ ಮಾಡುವ ಅನ್ಯಾಯ. ನಾನು ಮೊದಲ ದಾರಿ ಹಿಡಿದೆ. ಮೊದಲ ಸಲ ಹೋಗುವವರಿಗೆ ಅದೇ ಸುಲಭ.

ಇನ್ನು ಮೋಸದ ಬಗ್ಗೆ. ಎಂ.ಎಸ್‌ಸಿಯಲ್ಲಿದ್ದಾಗ ಒಂದು ಕಡೆ ದುಡ್ಡು ಕಟ್ಟಿ ಒಂದು ತಿಂಗಳ "ಇಂಟರ್ನ್‌ಶಿಪ್" ಮಾಡಿದ್ದೆ. ಹದಿನೈದು ಜನ ಒಂದು ಪಿಸಿಆರ್ ಯಂತ್ರದ ಸುತ್ತ ನಿಂತು ಯಾರೋ ಬಟನ್ ಒತ್ತುವುದನ್ನು ನೋಡಿದೆವು. ಸರ್ಟಿಫಿಕೇಟ್ ಮಾತ್ರ ಬಣ್ಣಬಣ್ಣದ್ದು. ಅಪ್ಪ ಆ ದುಡ್ಡು ಹೊಂದಿಸಲು ಪಟ್ಟ ಕಷ್ಟ ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ: ನೀವೇ ದುಡ್ಡು ಕಟ್ಟಬೇಕು ಅಂದರೆ ಅದು ಟ್ರೇನಿಂಗ್ ಕ್ಲಾಸ್, ಇಂಟರ್ನ್‌ಶಿಪ್ ಅಲ್ಲ. ಕ್ಲಾಸ್ ಬೇಕಿದ್ದರೆ ಕ್ಲಾಸ್ ಅಂತಲೇ ತಿಳಿದು ಸೇರಿ. ನಿಜವಾದ ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಹೆಸರಿಗೆ ಒಂದು ಕೆಲಸ ಇರುತ್ತದೆ, ಅದು ಆಗದಿದ್ದರೆ ಯಾರೋ ಬಂದು ಕೇಳುತ್ತಾರೆ.

ಹುಡುಕುವುದು ಹೇಗೆ? ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಯುವ ಜಾಗಗಳಿಗೆ ಕೊರತೆ ಇಲ್ಲ: ಕರ್ನಾಟಕ ವಿಶ್ವವಿದ್ಯಾಲಯ, ಸತ್ತೂರಿನ ಎಸ್‌ಡಿಎಂ, ಹುಬ್ಬಳ್ಳಿಯ ಕೆಎಲ್‌ಇ ಟೆಕ್, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ. ಆದರೆ ಕ್ಯಾನ್ಸರ್ ಔಷಧಿ ಮಾಡುವ ಕಂಪನಿಗಳು ಹೆಚ್ಚಾಗಿ ಬೆಂಗಳೂರು, ಹೈದರಾಬಾದ್, ಪುಣೆ ಕಡೆ. ದೊಡ್ಡ ಕಂಪನಿಯ ಎಚ್‌ಆರ್‌ಗೆ ಕಳಿಸಿದ ನನ್ನ ಮೇಲ್‌ಗಳಿಗೆ ಉತ್ತರ ಬರಲಿಲ್ಲ. ಉತ್ತರ ಬಂದದ್ದು ನಾನು ಓದಿದ ಒಂದು ಪೇಪರ್ ಬರೆದ ಕಂಪನಿ ವಿಜ್ಞಾನಿಗೆ ನೇರ ಬರೆದಾಗ. ಮೇಲ್‌ನಲ್ಲಿ ಆರು ಸಾಲು ಇತ್ತು. ನಾನು ಯಾವ ಕೋಶದ ಮೇಲೆ ಏನು ಮಾಡುತ್ತಿದ್ದೇನೆ, ಕೈಯಿಂದ ಯಾವ ಪ್ರಯೋಗ ಸ್ವಂತ ಮಾಡಬಲ್ಲೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲೆ, ನನ್ನ ಗೈಡ್ ಒಪ್ಪಿದ್ದಾರೆ. ಕೊನೆಯ ಸಾಲು ಬಹಳ ಕೆಲಸ ಮಾಡಿತು ಅಂತ ಅವರೇ ಆಮೇಲೆ ಹೇಳಿದರು. ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಅಂತ ನಮ್ಮ ಕಡೆಯವರು ಹಿಂಜರಿಯುವುದು ಜಾಸ್ತಿ. ನನ್ನ ಇಂಟರ್‌ವ್ಯೂ ಅರ್ಧ ಕನ್ನಡದಲ್ಲೇ ನಡೆಯಿತು. ತಟ್ಟೆಯಲ್ಲಿ ಕೋಶ ಹೇಗೆ ಹಂಚುತ್ತೀಯ, ಯಾವ ಪ್ರಯೋಗ ಕೈಕೊಟ್ಟಿತು, ಆಗ ಏನು ಮಾಡಿದೆ ಅಂತ ಕೇಳಿದರು. ಕೈಕೊಟ್ಟ ಪ್ರಯೋಗದ ಬಗ್ಗೆ ನಿಜ ಹೇಳಿ. ಅದನ್ನು ಮುಚ್ಚಿಟ್ಟವರನ್ನು ಅವರು ತೆಗೆದುಕೊಳ್ಳುವುದಿಲ್ಲ.

ಹೊಳ್ಳಿ ಬಂದ ಮೇಲೆ ಏನಾಯಿತು ಅಂತ ಹೇಳಲೇಬೇಕು. ಬೆಂಗಳೂರಿನಲ್ಲಿ ಉಳಿದುಬಿಡು ಅಂತ ಕರೆದಿದ್ದರು, ಸಂಬಳವೂ ಚೆನ್ನಾಗಿತ್ತು. ಸರ್‌ಗೆ ಕೊಟ್ಟ ತಾರೀಖಿಗೆ ಬಂದೆ. ಎರಡನೇ ಅಧ್ಯಾಯದ ಅಂಕಿಗಳನ್ನು ಸರ್ ಮುಂದೆ ಇಟ್ಟು, ಇವುಗಳ ಪ್ಯಾಸೇಜ್ ಗೊತ್ತಿಲ್ಲ, ಮತ್ತೆ ಮಾಡುತ್ತೇನೆ ಅಂದೆ. ಎರಡೂವರೆ ತಿಂಗಳು ಹೋಯಿತು. ನಾಲ್ಕು ಫಲಿತಾಂಶಗಳಲ್ಲಿ ಮೂರು ಹಾಗೇ ನಿಂತವು. ನಾಲ್ಕನೆಯದು ನಿಲ್ಲಲಿಲ್ಲ, ಅದನ್ನು ಥೀಸಿಸ್‌ನಿಂದ ತೆಗೆದೆ. ನನಗೆ ಅದೇ ಬಹಳ ಇಷ್ಟದ ಗ್ರಾಫ್ ಆಗಿತ್ತು. ಅದನ್ನು ನಂಬಿ ಇನ್ಯಾರೋ ಎರಡು ವರ್ಷ ಕೆಲಸ ಮಾಡುವ ಮುಂಚೆಯೇ ತೆಗೆದೆನಲ್ಲ ಅಂತ ಸಮಾಧಾನ.

ಈಗ ನಮ್ಮ ಲ್ಯಾಬಿನ ದ್ರವ ಸಾರಜನಕದ ಡಬ್ಬಿಗೆ ಒಂದು ಪಟ್ಟಿ ಅಂಟಿಸಿದ್ದೇವೆ, ಯಾವ ಸೀಸೆ ಎಲ್ಲಿ, ಎಷ್ಟನೇ ಪ್ಯಾಸೇಜ್, ಯಾರು ಇಟ್ಟದ್ದು. ಹೊಸದಾಗಿ ಸೇರಿದ ತಂಗಿಯೊಬ್ಬಳು ಮೊನ್ನೆ ಸರ್‌ಗೆ ಗ್ರಾಫ್ ತೋರಿಸಲು ಹೋದಳು. ಸರ್ ಗ್ರಾಫ್ ನೋಡುವ ಮುಂಚೆ "ಪ್ಯಾಸೇಜ್ ಎಷ್ಟವಾ?" ಅಂದರು. "ಹದಿನಾಲ್ಕು ಸರ್" ಅಂತ ಅವಳು ಫ್ಲಾಸ್ಕನ್ನೇ ತಂದು ತೋರಿಸಿದಳು, ನೀಲಿ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿತ್ತು.